ಬಿಟ್ಟುಕೊಟ್ಟ ಪಟ್ಟ

ಕೊಲ್ಕತ್ತಾದಲ್ಲಿ 1978ರ ಅಕ್ಟೋಬರ್ 3ರಂದು ದುರ್ಗಾ ಹುಟ್ಟಿದಾಗ, ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಗೆ ಮೂರು ತಿಂಗಳೂ ತುಂಬಿರಲಿಲ್ಲ. ಡಾ. ಸುಭಾಷ್ ಮುಖೋಪಾಧ್ಯಾಯ ಹಾರ್ಮೋನ್ ಕೊಟ್ಟು ಹೆಚ್ಚು ಅಂಡಗಳನ್ನು ಪಡೆದು, ಭ್ರೂಣವನ್ನು ಶೈತ್ಯದಲ್ಲಿ ಕಾಪಿಟ್ಟು, ಮುಂದಿನೊಂದು ಋತುಚಕ್ರದಲ್ಲಿ ಗರ್ಭಕ್ಕೆ ಸೇರಿಸಿದ್ದರು. ಇಂದಿನ ಐವಿಎಫ್ ಕೇಂದ್ರಗಳಿಗೆ ಇದು ದಿನನಿತ್ಯದ ಕೆಲಸ. ಅಂದಿನ ಸರ್ಕಾರಿ ಸಮಿತಿ ಮಾತ್ರ ನಂಬಲಿಲ್ಲ. ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು! 1981ರ ಜೂನ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

‘ಭಾರತದ ಮೊದಲ ಪ್ರನಾಳ ಶಿಶು’ ಎಂಬ ಪಟ್ಟ 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಹರ್ಷಾಳಿಗೆ ಸಂದಿತು. ಇಂದಿರಾ ಹಿಂದುಜಾ ಜೊತೆ ಆ ಸಾಧನೆ ಮಾಡಿದ ಟಿ.ಸಿ. ಆನಂದ್ ಕುಮಾರ್, ಮುಂದೆ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಮೊದಲಿಗರು ಅವರೇ ಎಂದು 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ತನ್ನದೇ ಪಟ್ಟವನ್ನು ಬಿಟ್ಟುಕೊಡುವ ಇಂಥ ಲೇಖನ ನನ್ನ ಸಂಶೋಧನೆಯ ಓದಿನಲ್ಲಿ ಇನ್ನೊಂದು ಸಿಕ್ಕಿಲ್ಲ. ಅಷ್ಟರಲ್ಲಿ ಮುಖೋಪಾಧ್ಯಾಯರು ಹೋಗಿ 16 ವರ್ಷಗಳಾಗಿದ್ದವು.