ಗಾಳದ ಎರೆ

ಗಾಳದ ಎರೆ ಎಂದರೆ ಮೀನನ್ನು ಗಾಳದ ಕೊಕ್ಕೆಯತ್ತ ಸೆಳೆಯಲು ಬಳಸುವ ಆಹಾರ ಅಥವಾ ಆಹಾರದಂತೆ ತೋರುವ ವಸ್ತು. ಎರೆಹುಳು, ಹಿಟ್ಟಿನ ಉಂಡೆ, ಸಣ್ಣ ಮೀನು ಮೊದಲಾದವು ಸಹಜ ಎರೆಗಳು. ಮರ, ಲೋಹ, ರಬ್ಬರ್ ಹಾಗೂ ಪ್ಲಾಸ್ಟಿಕ್‌ಗಳಿಂದ ತಯಾರಿಸಿದವು ಕೃತಕ ಎರೆಗಳು. ಕೆರೆ, ಕಟ್ಟೆಗಳ ನಿಂತ ನೀರಿನಲ್ಲಿ ಎರೆಯ ಆಯ್ಕೆಯು ಮುಖ್ಯವಾಗಿ ಮೀನಿನ ಆಹಾರಕ್ರಮ, ನೀರಿನ ತಿಳಿ ಮತ್ತು ಋತುಮಾನವನ್ನು ಅವಲಂಬಿಸಿರುತ್ತದೆ.

ಪದದ ಅರ್ಥ

ಕನ್ನಡದಲ್ಲಿ 'ಎರೆ' ಎಂಬುದಕ್ಕೆ ಹಕ್ಕಿ, ಮೀನು ಮೊದಲಾದವುಗಳ ಆಹಾರ ಎಂಬ ಅರ್ಥವಿದೆ. ತಮಿಳಿನ 'ಇರೈ' ಇದರ ಸೋದರ ಪದ. ಎರೆಹುಳು ಎಂಬ ಹೆಸರಿನಲ್ಲಿಯೂ ಗಾಳಕ್ಕೆ ಎರೆಯಾಗುವ ಹುಳು ಎಂಬ ಸೂಚನೆಯಿದೆ.

ಇತಿಹಾಸ

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು (ಆಳ್ವಿಕೆ ೧೧೨೬–೧೧೩೮) ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವಿದೆ. ಮೀನಿನ ಪ್ರಭೇದಗಳು, ಅವುಗಳಿಗೆ ಹಾಕಬೇಕಾದ ಆಹಾರ ಮತ್ತು ಗಾಳ ಹಾಕುವ ವಿಧಾನ ಅದರಲ್ಲಿ ನಿರೂಪಿತವಾಗಿವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಭಾಗವನ್ನು ಕುರಿತು ಲೇಖನ ಪ್ರಕಟಿಸಿದರು. ಬ್ರಿಟಿಷ್ ಆಡಳಿತಾವಧಿಯಲ್ಲಿ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 'ದಿ ರಾಡ್ ಇನ್ ಇಂಡಿಯಾ' (೧೮೭೩) ಎಂಬ ಪುಸ್ತಕವನ್ನೂ, ಕೆರೆಗಳಲ್ಲಿ ಗಾಳ ಹಾಕುವುದನ್ನೇ ವಿಷಯವಾಗಿಸಿಕೊಂಡ 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' (೧೮೮೭) ಎಂಬ ಪುಸ್ತಕವನ್ನೂ ಬರೆದರು.

ಕೃತಕ ಎರೆಗಳ ಉದ್ಯಮ ಬೆಳೆದುದು ಮುಖ್ಯವಾಗಿ ಅಮೆರಿಕ ಮತ್ತು ಯುರೋಪಿನಲ್ಲಿ. ಅಮೆರಿಕದ ಜೂಲಿಯೋ ಬ್ಯುಯೆಲ್ ೧೮೫೨ರಲ್ಲಿ ಲೋಹದ ಎರೆಗೆ ಪೇಟೆಂಟ್ ಪಡೆದರು. ಫಿನ್ಲೆಂಡಿನ ಲೌರಿ ರಪಾಲಾ ೧೯೩೬ರಲ್ಲಿ ಬೆಂಡಿನಿಂದ ಮೀನಿನ ಆಕಾರದ ಎರೆಯನ್ನು ಕೆತ್ತಿದರು.

ಮೀನಿನ ಆಹಾರಕ್ರಮ ಮತ್ತು ಎರೆ

ಚಾಮರಾಜನಗರ ತಾಲ್ಲೂಕಿನ ಹರವೆ ಹಾಗೂ ಗುಂಡ್ಲುಪೇಟೆ ಸುತ್ತಲಿನ ಪ್ರದೇಶ ಕಡಿಮೆ ಮಳೆಯ ಬಯಲು. ಇಲ್ಲಿನ ಕೆರೆಗಳು ಬಹುಮಟ್ಟಿಗೆ ಮಳೆಯನ್ನು ನಂಬಿದವು. ಕೆಲವನ್ನು ಏತ ನೀರಾವರಿಯ ಮೂಲಕ ಕಬಿನಿ ನದಿಯ ನೀರಿನಿಂದಲೂ ತುಂಬಿಸಲಾಗುತ್ತದೆ. ಕರ್ನಾಟಕದ ಇಂತಹ ಕೆರೆಗಳಲ್ಲಿ ಬಿತ್ತನೆ ಮಾಡಿದ ಗೆಂಡೆ ಜಾತಿಯ ಮೀನುಗಳೂ ತಾವಾಗಿಯೇ ಬೆಳೆಯುವ ನಾಡು ಮೀನುಗಳೂ ಒಟ್ಟಿಗೆ ಇರುತ್ತವೆ.

ಕಟ್ಲಾ: ಮೇಲ್ಮುಖವಾದ ಅಗಲ ಬಾಯಿಯ ಈ ಮೀನು ನೀರಿನ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ನೀರಿನಲ್ಲಿ ನಿಧಾನವಾಗಿ ಕರಗಿ ಹರಡುವ ಮೃದುವಾದ ಹಿಟ್ಟನ್ನು ಬೆಂಡಿನ ಸಹಾಯದಿಂದ ಮೇಲ್ಮಟ್ಟದಲ್ಲಿಯೇ ನಿಲ್ಲಿಸಬೇಕು.

ರೋಹು: ನಡುನೀರಿನ ಮೀನು. ಸಸ್ಯಾಹಾರವೇ ಹೆಚ್ಚು. ತವಡು, ಕಡಲೆಕಾಯಿ ಹಿಂಡಿ ಬೆರೆಸಿದ ಹಿಟ್ಟು ಇದಕ್ಕೆ ಒಗ್ಗುತ್ತದೆ.

ಮೃಗಾಲ್ ಮತ್ತು ಸಾಮಾನ್ಯ ಗೆಂಡೆ: ತಳದ ಕೆಸರಿನಲ್ಲಿ ಆಹಾರ ಹುಡುಕುತ್ತವೆ. ರಾಗಿ ಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ನಾದಿದ ಮುದ್ದೆಯು ಬೇಗ ಕರಗದ ಕಾರಣ ತಳಕ್ಕೆ ಬಿಡಲು ಅನುಕೂಲ. ಗೆಂಡೆಯು ಎರೆಹುಳುವನ್ನೂ ತಿನ್ನುತ್ತದೆ.

ಜಿಲೇಬಿ ಮೀನು: ಸಿಕ್ಕಿದ್ದನ್ನೆಲ್ಲ ತಿನ್ನುವ ಸ್ವಭಾವದ್ದು. ಚಿಕ್ಕ ಕೊಕ್ಕೆ ಮತ್ತು ಎರೆಹುಳುವಿನ ತುಂಡು ಸಾಕು.

ಕೊರವ ಮತ್ತು ಕೃತಕ ಎರೆ

ಕೃತಕ ಎರೆಯ ಆಯ್ಕೆಯ ಕುರಿತು ಪ್ರಕಟವಾಗುವ ಬರಹಗಳಲ್ಲಿ ಹೆಚ್ಚಿನವು ಉತ್ತರ ಅಮೆರಿಕದ ದೊಡ್ಡ ಬಾಯಿಯ ಬಾಸ್ ಮೀನನ್ನು ಕುರಿತವು. ಅದು ಭಾರತದ ಮೀನಲ್ಲ. ನಮ್ಮ ಕೆರೆಗಳಲ್ಲಿ ಅದರಂತೆಯೇ ಹೊಂಚು ಹಾಕಿ ಬೇಟೆಯಾಡುವ ಮೀನು ಕೊರವ (ಮರಲ್). ಜೊಂಡು, ತಾವರೆ ಎಲೆ, ಅಂತರಗಂಗೆಗಳ ಮರೆಯಲ್ಲಿದ್ದು ಕಪ್ಪೆ, ಸಣ್ಣ ಮೀನು, ಕೀಟಗಳ ಮೇಲೆ ಇದು ಎರಗುತ್ತದೆ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲದಾದ್ದರಿಂದ ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿಯೂ ಬದುಕುತ್ತದೆ. ಉಸಿರಿಗಾಗಿ ಮೇಲೆ ಬಂದಾಗ ಅದರ ನೆಲೆ ತಿಳಿಯುತ್ತದೆ.

ಬಾಸ್ ಮೀನಿಗಾಗಿ ರೂಪಿಸಿದ ಕಪ್ಪೆಯಾಕಾರದ ಟೊಳ್ಳು ರಬ್ಬರ್ ಎರೆಯು ಕೊರವಕ್ಕೂ ಹೊಂದುತ್ತದೆ. ಇದರ ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಗಿಡಗಳಿಗೆ ಸಿಕ್ಕಿಕೊಳ್ಳುವುದು ಕಡಿಮೆ; ಮೀನು ಕಚ್ಚಿದಾಗ ರಬ್ಬರ್ ಕುಗ್ಗಿ ಕೊಕ್ಕೆ ಹೊರಬರುತ್ತದೆ. ಗಿಡಗಳಿಲ್ಲದ ನೀರಿನಲ್ಲಿ ತಿರುಗುವ ಲೋಹದ ಎರೆ ಹಾಗೂ ಮೀನಿನಾಕಾರದ ಎರೆಗಳನ್ನು ಬಳಸಬಹುದು. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಸಿಕ್ಕಿಸುವ ಅಗತ್ಯ ಇದರಿಂದ ತಪ್ಪುತ್ತದೆ.

ನೀರು ಮತ್ತು ಕಾಲ

ತಿಳಿನೀರಿನಲ್ಲಿ ಮೀನು ಕಣ್ಣಿನಿಂದ ಎರೆಯನ್ನು ಪರೀಕ್ಷಿಸುತ್ತದೆ. ಆಗ ಚಿಕ್ಕ ಎರೆ, ಸಹಜ ಬಣ್ಣ ಮತ್ತು ತೆಳುವಾದ ದಾರ ಉತ್ತಮ. ಮಳೆಯ ಕೆನ್ನೀರು ಸೇರಿ ಕೆರೆ ಕದಡಿದಾಗ ವಾಸನೆಯುಳ್ಳ ಸಹಜ ಎರೆ, ಇಲ್ಲವೇ ನೀರನ್ನು ಅಲುಗಿಸಿ ಸದ್ದು ಮಾಡುವ ಗಾಢ ಬಣ್ಣದ ಕೃತಕ ಎರೆ ಬೇಕಾಗುತ್ತದೆ. ಬೇಸಗೆಯ ಮಧ್ಯಾಹ್ನಗಳಲ್ಲಿ ಮೀನುಗಳು ನೆರಳಿಗೆ ಅಥವಾ ಆಳಕ್ಕೆ ಸರಿಯುವುದರಿಂದ ಬೆಳಗ್ಗೆ ಮತ್ತು ಸಂಜೆ ಸೂಕ್ತ. ಮೀಸೆಗಳಿಂದ ಆಹಾರವನ್ನು ಗುರುತಿಸುವ ಬೆಕ್ಕು ಮೀನಿನ ಜಾತಿಗಳಿಗೆ ರಾತ್ರಿಯಲ್ಲಿ ತಳಕ್ಕೆ ಬಿಟ್ಟ ಎರೆಹುಳು ಹೆಚ್ಚು ಫಲಕಾರಿ.

ಸಂರಕ್ಷಣೆ ಮತ್ತು ನಿಯಮಗಳು

ಕೊರವವು ಮಳೆಗಾಲದಲ್ಲಿ ಮರಿ ಮಾಡುತ್ತದೆ. ಕೆಂಬಣ್ಣದ ಮರಿಗಳ ಗುಂಪನ್ನು ತಾಯಿತಂದೆಗಳು ಕಾಯುತ್ತವೆ. ಆಗ ಗುಂಪಿನ ಸಮೀಪ ಬಂದ ಎರೆಯ ಮೇಲೆ ಹಸಿವಿಲ್ಲದಿದ್ದರೂ ಮರಿಗಳ ರಕ್ಷಣೆಗಾಗಿ ಎರಗುತ್ತವೆ. ಎರೆ ಸುಲಭವಾಗಿ ಫಲಿಸುವುದು ಈ ಸಂದರ್ಭದಲ್ಲಿಯೇ. ಆದರೆ ಕಾವಲಿನ ಮೀನು ಸಿಕ್ಕಿಬಿದ್ದರೆ ಅನಾಥವಾದ ಮರಿಗಳು ಇತರ ಮೀನು, ಹಕ್ಕಿಗಳ ಪಾಲಾಗುತ್ತವೆ. ಒಂದು ಮೀನಿನೊಡನೆ ಒಂದು ಪೀಳಿಗೆಯೇ ಹೋಗುವುದರಿಂದ ಮರಿಗಳ ಗುಂಪು ಕಂಡಲ್ಲಿ ಯಾವ ಎರೆಯನ್ನೂ ಹಾಕದಿರುವುದು ಯುಕ್ತ.

ಬೇರೆ ಕೆರೆಯಿಂದ ತಂದ ಜೀವಂತ ಮೀನನ್ನು ಎರೆಯಾಗಿ ಬಳಸಿದರೆ ಪರಕೀಯ ಜಾತಿಗಳೂ ರೋಗಗಳೂ ಹರಡಬಹುದು. ನಾಡು ಮೀನುಗಳಿಗೆ ಅಪಾಯಕಾರಿಯೆಂಬ ಕಾರಣಕ್ಕೆ ಆಫ್ರಿಕನ್ ಬೆಕ್ಕು ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರ ೨೦೦೦ದಲ್ಲಿ ನಿಷೇಧಿಸಿತು. ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ನೀಡಲಾಗಿರುತ್ತದೆ. ಅಲ್ಲಿ ಗಾಳ ಹಾಕಲು ಗುತ್ತಿಗೆದಾರರ ಒಪ್ಪಿಗೆ ಅಗತ್ಯ. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರ ರಾಷ್ಟ್ರೀಯ ಉದ್ಯಾನದೊಳಗಿನ ಕೆರೆಗಳಲ್ಲಿ ಗಾಳ ಹಾಕುವಂತಿಲ್ಲ. ತುಂಡಾದ ನೈಲಾನ್ ದಾರವು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದರಿಂದ ಅದನ್ನು ಕೆರೆಯ ದಡದಲ್ಲಿ ಬಿಡಬಾರದು.