ಸವೆದ ಮಂಡಿ, ಮುಂಗಂಡ ನೋಟ: ಪಾಲ್ ಮೆಕ್‌ಗ್ರಾ ವೃತ್ತಿಜೀವನದ ಉತ್ತರಾರ್ಧ

1989ರ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ತನ್ನ ಡಿಫೆಂಡರ್ ಪಾಲ್ ಮೆಕ್‌ಗ್ರಾ ಅವರ ಮುಂದೆ ನಿವೃತ್ತಿಯ ಪ್ರಸ್ತಾಪ ಇಟ್ಟಿತು. ಆಗ ಅವರಿಗೆ 29 ವರ್ಷ. ಮಂಡಿಗಳು ಹಲವು ಶಸ್ತ್ರಚಿಕಿತ್ಸೆ ಕಂಡಿದ್ದವು, ಕುಡಿತ ಕೈಮೀರಿತ್ತು. ಹಣ ಪಡೆದು ಆಟ ನಿಲ್ಲಿಸಲು ಅವರು ಒಪ್ಪಲಿಲ್ಲ. ಸುಮಾರು 4 ಲಕ್ಷ ಪೌಂಡ್‌ಗೆ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಲ್ಲಾ ಸೇರಿದರು. 1993ರಲ್ಲಿ ಇಂಗ್ಲೆಂಡಿನ ವೃತ್ತಿಪರ ಆಟಗಾರರೇ ಮತ ಹಾಕಿ ಅವರನ್ನು ವರ್ಷದ ಆಟಗಾರನೆಂದು ಆರಿಸಿದರು. ಮುಗಿಯಿತೆಂದುಕೊಂಡ ವೃತ್ತಿ ನಾಲ್ಕೇ ವರ್ಷಗಳಲ್ಲಿ ಶಿಖರ ಮುಟ್ಟಿದ್ದನ್ನು ಬರಹಗಾರರು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತಾರೆ. ಛಲಕ್ಕೇನೂ ಕೊರತೆ ಇರಲಿಲ್ಲ. ಆದರೆ ಸವೆದ ಮಂಡಿಗಳನ್ನು ಮೈದಾನದಲ್ಲಿ ಉಳಿಸಿದ ಮುಖ್ಯ ಕಾರಣಗಳು ಎರಡು: ಅವರ ಆಟದ ಸ್ವರೂಪ, ಮತ್ತು ಒಬ್ಬ ಆಟಗಾರನಿಗಾಗಿ ತನ್ನ ದಿನಚರಿಯನ್ನೇ ಸಡಿಲಿಸಿದ ಕ್ಲಬ್. ಈ ಲೇಖನದ ವಾದ ಇದು.

ಮೆಕ್‌ಗ್ರಾ ಹುಟ್ಟಿದ್ದು 1959ರ ಡಿಸೆಂಬರ್ 4ರಂದು, ಲಂಡನ್ನಿನ ಈಲಿಂಗ್‌ನಲ್ಲಿ. ತಾಯಿ ಐರಿಷ್, ತಂದೆ ನೈಜೀರಿಯಾದವರು. ಮದುವೆಯಾಗದ ಹೆಣ್ಣು ತಾಯಿಯಾಗುವುದನ್ನು ಅಂದಿನ ಐರ್ಲೆಂಡ್ ಸಹಿಸುತ್ತಿರಲಿಲ್ಲ. ಕೂಸು ಕೆಲವೇ ವಾರಗಳಲ್ಲಿ ಡಬ್ಲಿನ್‌ನ ಸಾಕುಮನೆ ಸೇರಿತು. ಮುಂದೆ ಬಾಲ್ಯವೆಲ್ಲ ಅನಾಥಾಲಯಗಳಲ್ಲಿ ಕಳೆಯಿತು. ಕಪ್ಪು ಹುಡುಗರು ಅಪರೂಪವಾಗಿದ್ದ ಆ ನಗರದಲ್ಲಿ ಮೈಬಣ್ಣದ ನಿಂದನೆಯೂ ತಪ್ಪಲಿಲ್ಲ. ಸೆಕ್ಯುರಿಟಿ ಗಾರ್ಡ್ ಕೆಲಸ ಮಾಡುತ್ತಿದ್ದ ಯುವಕ 1981ರಲ್ಲಿ ಅದೇ ನಗರದ ಇಂಚಿಕೋರ್ ಬಡಾವಣೆಯ ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್ ಕ್ಲಬ್ ಪರ ಆಡತೊಡಗಿದಾಗ ಅಭಿಮಾನಿಗಳು ‘ಇಂಚಿಕೋರ್‌ನ ಕಪ್ಪು ಮುತ್ತು’ ಎಂದು ಕರೆದರು. ಒಂದೇ ಋತುವಿನ ನಂತರ, 1982ರಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ರಾನ್ ಅಟ್ಕಿನ್ಸನ್, ಮೆಕ್‌ಗ್ರಾ ಅವರನ್ನು ತಮ್ಮ ಕ್ಲಬ್‌ಗೆ ಕರೆದೊಯ್ದರು.

ಅಲ್ಲಿ ಅವರ ಬೆಲೆ ಗೊತ್ತಾದದ್ದು 1985ರ ಎಫ್‌ಎ ಕಪ್ ಫೈನಲ್‌ನಲ್ಲಿ. ವೆಂಬ್ಲಿಯಲ್ಲಿ ಎದುರಾಳಿ ಆ ವರ್ಷದ ಲೀಗ್ ಚಾಂಪಿಯನ್ ಎವರ್ಟನ್. ಮೆಕ್‌ಗ್ರಾ ಜೊತೆಗಾರ ಕೆವಿನ್ ಮೊರಾನ್ ಎಫ್‌ಎ ಕಪ್ ಫೈನಲ್‌ನಲ್ಲಿ ರೆಫರಿಯಿಂದ ಹೊರಹಾಕಿಸಿಕೊಂಡ ಮೊದಲ ಆಟಗಾರರಾದರು. ಹತ್ತೇ ಮಂದಿ ಉಳಿದ ಯುನೈಟೆಡ್ ಗೋಲು ಬಿಟ್ಟುಕೊಡಲಿಲ್ಲ; ಹೆಚ್ಚುವರಿ ಅವಧಿಯಲ್ಲಿ ನಾರ್ಮನ್ ವೈಟ್‌ಸೈಡ್ ಹೊಡೆದ ಗೋಲಿನಿಂದ ಕಪ್ ಬಂತು. ಅದೇ ವರ್ಷ ಮೆಕ್‌ಗ್ರಾ ಐರ್ಲೆಂಡ್ ತಂಡಕ್ಕೂ ಕಾಲಿಟ್ಟರು. 1986ರ ನವೆಂಬರ್‌ನಲ್ಲಿ ಯುನೈಟೆಡ್‌ನ ಹೊಣೆ ಹೊತ್ತ ಅಲೆಕ್ಸ್ ಫರ್ಗ್ಯೂಸನ್‌ಗೆ ಶಿಸ್ತಿನ ತಂಡ ಬೇಕಿತ್ತು. ಮೆಕ್‌ಗ್ರಾ ಅವರನ್ನು ಬಿಟ್ಟುಕೊಡುವ ಅವರ ನಿರ್ಧಾರವನ್ನು ಅಂದಿನ ಲೆಕ್ಕದಲ್ಲಿ ತಪ್ಪೆನ್ನಲಾಗದು: ಗಾಯಾಳು, ಕುಡುಕ, ಮೂವತ್ತರ ಹೊಸ್ತಿಲಲ್ಲಿರುವ ಆಟಗಾರ. 1989ರಲ್ಲಿ ವೈಟ್‌ಸೈಡ್ ಕೂಡ ಅದೇ ಬಾಗಿಲಿನಿಂದ ಹೊರಹೋದರು.

ಆ ಲೆಕ್ಕಕ್ಕೆ ಸಿಗದೆ ಉಳಿದದ್ದು ಮೆಕ್‌ಗ್ರಾ ಆಟ ಓದುತ್ತಿದ್ದ ರೀತಿ. ಡಿಫೆಂಡರ್ ಓಡಬೇಕಾಗುವುದು ತಡವಾಗಿ ಹೊರಟಾಗ. ಪಾಸ್ ಹೊರಡುವ ಮೊದಲೇ ಅದು ಬೀಳುವ ಜಾಗಕ್ಕೆ ನಾಲ್ಕು ಹೆಜ್ಜೆ ಸರಿದು ನಿಂತವನಿಗೆ ಓಟದ ಪಂದ್ಯವೇ ಬೇಕಿಲ್ಲ. 1994ರ ಜೂನ್ 18ರಂದು ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಂನಲ್ಲಿ ನಡೆದ ವಿಶ್ವಕಪ್ ಪಂದ್ಯ ಇದಕ್ಕೆ ಒಳ್ಳೆಯ ದಾಖಲೆ. 11ನೇ ನಿಮಿಷದಲ್ಲಿ ರೇ ಹೌಟನ್ ಗೋಲು ಹೊಡೆದ ಮೇಲೆ ಉಳಿದ ಹೊತ್ತೆಲ್ಲ ರಾಬರ್ಟೊ ಬ್ಯಾಜಿಯೊ ಅವರ ಇಟಲಿಯನ್ನು ತಡೆಯುವುದೇ ಐರ್ಲೆಂಡಿನ ಕೆಲಸವಾಯಿತು. 34ರ ಮೆಕ್‌ಗ್ರಾಗೆ ಮಂಡಿಯ ಜೊತೆ ಭುಜವೂ ಸರಿಯಿರಲಿಲ್ಲ. ಒಮ್ಮೆ ಪೆನಾಲ್ಟಿ ಬಾಕ್ಸ್‌ನಲ್ಲಿ ಚೆಂಡು ಮತ್ತೆ ಮತ್ತೆ ಇಟಲಿಯವರ ಕಾಲಿಗೇ ಮರಳಿತು. ಮೆಕ್‌ಗ್ರಾ ಒಂದಾದ ಮೇಲೊಂದರಂತೆ ಅಡ್ಡಗಟ್ಟಿದರು. ಕೊನೆಯ ಹೊಡೆತಕ್ಕೆ ಮುಖವನ್ನೇ ಒಡ್ಡಿದರು. ಐರ್ಲೆಂಡ್ 1–0ರಿಂದ ಗೆದ್ದಿತು. ಧೈರ್ಯ ಎಲ್ಲರ ಕಣ್ಣಿಗೂ ಬಿತ್ತು. ಪ್ರತಿ ಸಲವೂ ಚೆಂಡು ಬರುವಲ್ಲಿ ಅವರು ಮೊದಲೇ ಇದ್ದದ್ದು ಅದಕ್ಕಿಂತ ದೊಡ್ಡ ವಿದ್ಯೆ.

ಎರಡನೆಯ ಕಾರಣ ವಿಲ್ಲಾದ ತರಬೇತಿ ಮೈದಾನದಲ್ಲಿದೆ. ಎಂಟು ಬಾರಿ ಕತ್ತರಿ ಆಡಿದ್ದ ಮಂಡಿಗಳಿಗೆ ದಿನನಿತ್ಯದ ಅಭ್ಯಾಸ ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಮ್ಯಾನೇಜರ್ ಗ್ರಹಾಂ ಟೇಲರ್ ಮತ್ತು ಫಿಸಿಯೋ ಜಿಮ್ ವಾಕರ್ ಅದಕ್ಕೊಂದು ಸರಳ ದಾರಿ ಕಂಡುಕೊಂಡರು. ಉಳಿದವರು ಮೈದಾನದಲ್ಲಿ ಬೆವರು ಹರಿಸುವಾಗ ಮೆಕ್‌ಗ್ರಾಗೆ ವ್ಯಾಯಾಮದ ಸೈಕಲ್, ಮಸಾಜ್, ವಿಶ್ರಾಂತಿ. ವಾರವಿಡೀ ಅಭ್ಯಾಸವಿಲ್ಲದೆ ಶನಿವಾರ ನೇರವಾಗಿ ಪಂದ್ಯಕ್ಕೆ ಇಳಿಯುವುದೇ ರೂಢಿಯಾಯಿತು. 1991ರಲ್ಲಿ ವಿಲ್ಲಾಕ್ಕೆ ಬಂದ ಅಟ್ಕಿನ್ಸನ್ ಕೂಡ ಈ ಏರ್ಪಾಟನ್ನು ಮುಂದುವರಿಸಿದರು. ಫಲ ಅಂಕಿಗಳಲ್ಲೇ ಇದೆ. ವಿಲ್ಲಾ 1989–90ರಲ್ಲಿ ಮತ್ತು ಮೊದಲ ಪ್ರೀಮಿಯರ್ ಲೀಗ್ ಆದ 1992–93ರಲ್ಲಿ ಎರಡನೇ ಸ್ಥಾನ ಪಡೆಯಿತು. 1994ರ ಲೀಗ್ ಕಪ್ ಫೈನಲ್‌ನಲ್ಲಿ ಯುನೈಟೆಡ್ ತಂಡವನ್ನೇ 3–1ರಿಂದ, 1996ರಲ್ಲಿ ಲೀಡ್ಸ್ ತಂಡವನ್ನು 3–0ರಿಂದ ಸೋಲಿಸಿತು. ಮೆಕ್‌ಗ್ರಾ ಆ ಕ್ಲಬ್‌ಗೆ ಆಡಿದ ಪಂದ್ಯಗಳು 300ಕ್ಕೂ ಹೆಚ್ಚು. ಅಭಿಮಾನಿಗಳು ಅವರನ್ನು ದೇವರೆಂದೇ ಕೂಗುತ್ತಿದ್ದರು.

ಈ ಏರ್ಪಾಟಿನ ಮಿತಿಯನ್ನೂ ಹೇಳದಿದ್ದರೆ ವಾದ ಅರ್ಧವಾಗುತ್ತದೆ. ಕ್ಲಬ್ ಮಂಡಿಗೆ ಮದ್ದು ಮಾಡಿತು, ಕುಡಿತಕ್ಕೆ ಮದ್ದು ಸಿಗಲಿಲ್ಲ. ಪಂದ್ಯಕ್ಕೆ ಅವರನ್ನು ಸಿದ್ಧಗೊಳಿಸುವುದೇ ಎಲ್ಲರ ಆದ್ಯತೆಯಾದಾಗ, ಆಪ್ತರ ಕಾಳಜಿ ಎಷ್ಟೋ ಬಾರಿ ಸಂಗತಿಯನ್ನು ಮುಚ್ಚಿಡುವ ರೂಪ ತಾಳಿತು. 2006ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಮೆಕ್‌ಗ್ರಾ ಬಾಲ್ಯದ ಗಾಯಗಳನ್ನು, ಮದ್ಯವ್ಯಸನವನ್ನು, ಆತ್ಮಹತ್ಯೆಯ ಪ್ರಯತ್ನಗಳನ್ನು ಮರೆಮಾಚದೆ ಬರೆದಿದ್ದಾರೆ. ಅಂದಿನ ಫುಟ್‌ಬಾಲ್ ಜಗತ್ತಿಗೆ ಆಟಗಾರನ ಮೈಯನ್ನು ನೋಡಿಕೊಳ್ಳುವುದು ಗೊತ್ತಿದ್ದಷ್ಟು ಮನಸ್ಸನ್ನು ನೋಡಿಕೊಳ್ಳುವುದು ಗೊತ್ತಿರಲಿಲ್ಲ ಎಂಬುದಕ್ಕೆ ಆ ಪುಸ್ತಕ ಸಾಕ್ಷಿ.

1996ರ ಅಕ್ಟೋಬರ್‌ನಲ್ಲಿ, 36ನೇ ವಯಸ್ಸಿನಲ್ಲಿ, ಮೆಕ್‌ಗ್ರಾ ಆಗಷ್ಟೇ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆದಿದ್ದ ಡರ್ಬಿ ಕೌಂಟಿಗೆ ಹೋದರು. ತಂಡ ಆ ಋತುವಿನಲ್ಲಿ 12ನೇ ಸ್ಥಾನದಲ್ಲಿ ಉಳಿಯಿತು. ಐರ್ಲೆಂಡ್ ಪರ 83 ಪಂದ್ಯ, 8 ಗೋಲು ಅವರ ಲೆಕ್ಕದಲ್ಲಿವೆ. ಕೊನೆಗೆ ಶೆಫೀಲ್ಡ್ ಯುನೈಟೆಡ್‌ನಿಂದ ನಿವೃತ್ತರಾದದ್ದು 1998ರಲ್ಲಿ, ಮ್ಯಾಂಚೆಸ್ಟರ್‌ನ ಪ್ರಸ್ತಾಪ ಬಂದ ಒಂಬತ್ತು ವರ್ಷಗಳ ಮೇಲೆ.