ಬೆಳಕಿನ ಬೆನ್ನಟ್ಟಿದ ಕಣ್ಣು

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಭೌತವಿಜ್ಞಾನದ ಚರಿತ್ರೆಯಲ್ಲಿ ಒಮ್ಮೆ ಈ ಗಾದೆ ತಿರುವುಮುರುವಾಯಿತು. ಪ್ರಮಾಣಿಸುವುದರಲ್ಲಿ ಮುಳುಗಿದ್ದ ಪಂಡಿತರು, ಪ್ರತ್ಯಕ್ಷವಾಗಿ ಏನು ಕಾಣುವುದೆಂದು ಕೇಳುವುದನ್ನೇ ಅರ್ಧ ಶತಮಾನ ಮರೆತರು. ಬೆಳಕಿನ ವೇಗದ ಸಮೀಪಕ್ಕೆ ಮುಟ್ಟಿದ ಪ್ರಯಾಣಿಕನ ಕಣ್ಣಿಗೆ ಲೋಕ ಹೇಗೆ ತೋರೀತು ಎಂಬ ಪ್ರಶ್ನೆಯ ಕಥೆ ಇದು.

ಬೆಳಕು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡುತ್ತದೆ. ಮನೆಯ ಹೊಸಿಲು ದಾಟದವರೂ ಭೂಮಿಯ ಮೇಲೆ ಕುಳಿತು, ಸೆಕೆಂಡಿಗೆ ೩೦ ಕಿಲೋಮೀಟರಿನಂತೆ ಸೂರ್ಯನನ್ನು ಸುತ್ತುತ್ತಲೇ ಇರುತ್ತಾರೆ. ಅದು ಬೆಳಕಿನ ವೇಗದ ಹತ್ತು ಸಾವಿರದಲ್ಲೊಂದು ಪಾಲು. ಇಷ್ಟು ಅಲ್ಪ ವೇಗವೂ ಆಕಾಶವನ್ನು ಅಲುಗಿಸಬಲ್ಲದೆಂದು ತೋರಿಸಿದವನು ಇಂಗ್ಲೆಂಡಿನ ಖಗೋಳಜ್ಞ ಜೇಮ್ಸ್ ಬ್ರಾಡ್ಲಿ. ೧೭೨೫ರ ಡಿಸೆಂಬರಿನಲ್ಲಿ ಲಂಡನ್ನಿನ ಸಮೀಪದ ಕ್ಯೂ ಎಂಬಲ್ಲಿ, ನೆತ್ತಿಯ ಮೇಲೆ ಹಾಯುವ ನಕ್ಷತ್ರವೊಂದನ್ನು ಅವನು ದೂರದರ್ಶಕದಿಂದ ಗಮನಿಸತೊಡಗಿದನು. ವರ್ಷದ ಅವಧಿಯಲ್ಲಿ ಅದು ಒಂದು ಡಿಗ್ರಿಯ ತೊಂಬತ್ತರಲ್ಲೊಂದು ಪಾಲಿನಷ್ಟು ಅತ್ತಿಂದಿತ್ತ ಸರಿಯಿತು. ಕಾರಣ ಹೊಳೆದದ್ದು ೧೭೨೮ರಲ್ಲಿ. ಮಳೆ ನೆಟ್ಟಗೆ ಸುರಿಯುತ್ತಿದ್ದರೂ ಬಿರುಸಾಗಿ ನಡೆಯುವವನು ಕೊಡೆಯನ್ನು ಮುಂದಕ್ಕೆ ಬಾಗಿಸುತ್ತಾನಲ್ಲವೆ? ನಕ್ಷತ್ರದ ಬೆಳಕೂ ಹಾಗೆಯೇ. ನಡೆಯುವ ಭೂಮಿಗೆ ಅದು ಮುಂದಿನಿಂದ ಬಂದಂತೆ ತೋರುತ್ತದೆ.

ಮುಂದಿನ ಹೆಜ್ಜೆ ಆಲ್ಬರ್ಟ್ ಐನ್‌ಸ್ಟೈನರದು. ಸ್ವಿಟ್ಜರ್ಲೆಂಡಿನ ಆರೌ ಊರಿನಲ್ಲಿ ಓದುತ್ತಿದ್ದ ಹದಿನಾರರ ವಯಸ್ಸಿನಲ್ಲಿ, ಬೆಳಕಿನ ಕಿರಣದ ಬೆನ್ನಟ್ಟಿ ಅದರ ಸರಿಸಮನಾಗಿ ಓಡಿದರೆ ಏನು ಕಂಡೀತೆಂಬ ಚಿಂತೆ ಅವರನ್ನು ಹಿಡಿಯಿತು. ಅಲೆ ನಿಂತಲ್ಲೇ ನಿಂತಂತೆ ಕಾಣಬೇಕು. ಆದರೆ ಅಂಥ ಬೆಳಕನ್ನು ಯಾರೂ ಕಂಡದ್ದಿಲ್ಲ. ಈ ಒಗಟು ಬಿಡಿಸಿಕೊಂಡದ್ದು ೧೯೦೫ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರರಾಗಿದ್ದಾಗ. ಆ ವರ್ಷದ ಅವರ ಲೇಖನದ ಒಂದೆಡೆ, ವೇಗವಾಗಿ ಸಾಗುವ ಗೋಲ ತನ್ನ ಓಟದ ದಿಕ್ಕಿನಲ್ಲಿ ಕುಗ್ಗಿ ಚಪ್ಪಟೆಯಾಗುವುದೆಂದಿದೆ. ಅದೇ ಲೇಖನದ ಇನ್ನೊಂದೆಡೆ, ವೇಗದಿಂದ ಬೆಳಕಿನ ಬಣ್ಣವೂ ದಿಕ್ಕೂ ಎಷ್ಟು ಬದಲಾಗುವುವೆಂಬ ಸೂತ್ರಗಳಿವೆ. ಎರಡನ್ನೂ ಜೋಡಿಸಿದ್ದರೆ ಪ್ರಯಾಣಿಕನ ನೋಟ ಸಿದ್ಧವಾಗುತ್ತಿತ್ತು. ಆದರೆ ಮೊದಲನೆಯ ಮಾತು ಮಾತ್ರ ಜನಪ್ರಿಯವಾಯಿತು. ೧೯೪೦ರ ಸುಮಾರಿಗೆ ಜಾರ್ಜ್ ಗ್ಯಾಮೊ ಬರೆದ ವಿನೋದಕಥೆಯಲ್ಲಿ, ಬೆಳಕು ನಿಧಾನವಾಗಿ ಸಾಗುವ ಊರೊಂದರ ಸೈಕಲ್ ಸವಾರ ಹಪ್ಪಳದಂತೆ ಚಪ್ಪಟೆಯಾಗಿ ಕಾಣುತ್ತಾನೆ. ಸೊಗಸಾದ ಚಿತ್ರ, ಓದುಗರು ನಂಬಿದರು, ಪಂಡಿತರೂ ನಂಬಿದರು.

ಎಡವಟ್ಟು ಎಲ್ಲಿ? ಅಳೆಯುವುದು ಬೇರೆ, ನೋಡುವುದು ಬೇರೆ. ಅಳೆಯುವವನು ವಸ್ತುವಿನ ಎರಡು ತುದಿಗಳನ್ನು ಒಂದೇ ಕ್ಷಣದಲ್ಲಿ ಗುರುತಿಸುತ್ತಾನೆ. ನೋಡುವವನಾದರೋ ತನ್ನ ಕಣ್ಣಿಗೆ ಒಂದೇ ಕ್ಷಣ ಬಂದು ಮುಟ್ಟಿದ ಕಿರಣಗಳನ್ನು ಕಾಣುತ್ತಾನೆ. ಒಂದೇ ದಿನದ ಟಪಾಲಿನಲ್ಲಿ ಪಕ್ಕದೂರಿನ ನಿನ್ನೆಯ ಕಾಗದವೂ ದೂರದೇಶದ ಹದಿನೈದು ದಿನದ ಹಿಂದಿನ ಕಾಗದವೂ ಬರುವುದುಂಟು. ಕಣ್ಣಿಗೆ ಬರುವ ಟಪಾಲೂ ಅಂಥದೇ. ವಸ್ತುವಿನ ದೂರದ ಅಂಚಿನ ಕಿರಣ ಮೊದಲೇ ಹೊರಟದ್ದು, ಹತ್ತಿರದ್ದು ಅನಂತರ ಹೊರಟದ್ದು. ನಡುವೆ ವಸ್ತು ಮುಂದೆ ಸಾಗಿಬಿಟ್ಟಿರುತ್ತದೆ.

ಇದನ್ನು ೧೯೨೪ರಲ್ಲೇ ಆಸ್ಟ್ರಿಯದ ಆಂಟನ್ ಲಾಂಪಾ ಲೇಖನವೊಂದರಲ್ಲಿ ಎತ್ತಿ ತೋರಿಸಿದ್ದರು. ೧೯೧೧ರಲ್ಲಿ ಐನ್‌ಸ್ಟೈನರು ಪ್ರಾಗ್ ನಗರದಲ್ಲಿ ಪ್ರಾಧ್ಯಾಪಕರಾಗುವಂತೆ ಪ್ರಯತ್ನಿಸಿದವರಲ್ಲಿ ಅವರೂ ಒಬ್ಬರು. ಆದರೂ ಅವರ ಮಾತಿಗೆ ಕಿವಿಗೊಟ್ಟವರಿಲ್ಲ. ಕೊನೆಗೆ ೧೯೫೯ರಲ್ಲಿ, ಇಂಗ್ಲೆಂಡಿನಲ್ಲಿ ರೋಜರ್ ಪೆನ್ರೋಸರೂ ಅಮೆರಿಕದ ಲಾಸ್ ಅಲಮಾಸಿನಲ್ಲಿ ಜೇಮ್ಸ್ ಟೆರೆಲ್ಲರೂ ಬೇರೆಬೇರೆಯಾಗಿ ಲೆಕ್ಕಮಾಡಿ ಹೇಳಿದರು: ವೇಗದ ಗೋಲ ಚಪ್ಪಟೆಯಾಗಿ ಕಾಣದು, ಅದರ ಅಂಚು ದುಂಡಗೇ ಇರುವುದು. ನಮ್ಮ ಮುಂದೆ ಹಾಯುವ ಪೆಟ್ಟಿಗೆ ಕುಗ್ಗಿದಂತಲ್ಲ, ಹೊರಳಿದಂತೆ ತೋರುವುದು. ಅದರ ಹಿಂಬದಿಯೂ ಒಂದಿಷ್ಟು ಕಾಣಿಸುವುದು. ಕುಗ್ಗುವಿಕೆ ಸುಳ್ಳಲ್ಲ. ಕಿರಣಗಳ ಹಿಂದುಮುಂದು ಅದನ್ನು ಕಣ್ಣಿನಿಂದ ಮರೆಮಾಡುತ್ತದೆ.

ಇನ್ನು ನಮ್ಮ ಪ್ರಯಾಣಿಕನ ಕಣ್ಣಿನಿಂದ ನೋಡೋಣ. ಬೆಳಕಿನ ವೇಗದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅವನಿಗೆ ದಕ್ಕಿದೆಯೆನ್ನಿ. ಬ್ರಾಡ್ಲಿಯ ಮಳೆ ಈಗ ಮುಖಕ್ಕೆ ರಾಚುತ್ತದೆ. ಪಕ್ಕಕ್ಕಿದ್ದ ನಕ್ಷತ್ರ ಎದುರಿನ ದಿಕ್ಕಿಗೆ ಕೇವಲ ೨೬ ಡಿಗ್ರಿ ದೂರದಲ್ಲಿದೆ. ಮುಂದಿನ ಅರ್ಧ ಆಕಾಶವೆಲ್ಲ ಒಟ್ಟು ಆಕಾಶದ ಇಪ್ಪತ್ತರಲ್ಲೊಂದು ಪಾಲಿನೊಳಗೆ ಕಿಕ್ಕಿರಿದಿದೆ. ವೇಗ ಏರಿದಂತೆಲ್ಲ ಎದುರಿನ ವಸ್ತುಗಳು ಚಿಕ್ಕದಾಗಿ, ಮುನ್ನುಗ್ಗುವವನಿಗೆ ತಾನು ಹಿಂದೆ ಸರಿಯುತ್ತಿರುವಂತೆ ತೋರುವುದು! ಸೂರ್ಯನಂಥ ನಕ್ಷತ್ರ ನೇರ ಎದುರಿಗಿದ್ದರೆ ೨೫ ಸಾವಿರ ಡಿಗ್ರಿ ಕಾವಿನ ನಕ್ಷತ್ರದಂತೆ ನೀಲಿಬಿಳುಪಾಗಿ ಉರಿಯುವುದು. ನೇರ ಹಿಂದಿದ್ದರೆ ಆರುವ ಕೆಂಡದಂತೆ ಮಸುಕಾಗುವುದು.

ಅಂಥ ಪಯಣ ಯಾರಿಗೂ ಸಾಧ್ಯವಾಗಿಲ್ಲ. ಆದರೆ ೨೦೨೫ರಲ್ಲಿ ವಿಯೆನ್ನಾ ನಗರದ ಸಂಶೋಧಕರು ಅತ್ಯಲ್ಪ ಕಾಲದ ಲೇಸರ್ ಮಿಂಚುಗಳಿಂದ ತೆಗೆದ ಚಿತ್ರಗಳನ್ನು ಜೋಡಿಸಿ, ಬೆಳಕು ಸೆಕೆಂಡಿಗೆ ೨ ಮೀಟರು ಮಾತ್ರ ಸಾಗುವಂತಿದ್ದರೆ ಕಾಣುವ ನೋಟವನ್ನು ಪ್ರಯೋಗಶಾಲೆಯಲ್ಲೇ ಕಂಡರು. ಗೋಲದ ಬದಲು, ಸಿದ್ಧಾಂತದ ಅಳತೆಯಂತೆ ಮೊದಲೇ ಚಪ್ಪಟೆಮಾಡಿದ ಬಿಲ್ಲೆಯನ್ನು ಅವರು ಇಟ್ಟಿದ್ದರು. ಚಿತ್ರದಲ್ಲಿ ಮೂಡಿದ್ದು ದುಂಡನೆಯ ಗೋಲ. ಐನ್‌ಸ್ಟೈನರ ಅಳತೆಯೂ ಸರಿ, ಪೆನ್ರೋಸ್ ಮತ್ತು ಟೆರೆಲ್ಲರ ನೋಟವೂ ಸರಿ. ಪ್ರಮಾಣವೊಂದೇ ಸಾಲದು, ಪ್ರತ್ಯಕ್ಷವೊಂದೇ ಸಾಲದು. ಒಂದನ್ನು ಇನ್ನೊಂದೆಂದು ಭ್ರಮಿಸದಿರುವುದೇ ವಿವೇಕ.